ಕಲ್ಲಿದ್ದಲಿನ ಜೊತೆ ಬಂದ ಎಲೆ

ಅದು ಎರಡನೇ ಮಹಾಯುದ್ಧದ ಕಾಲ. ಮದ್ದೂರಿಗೆ ಬರುವ ರೈಲುಗಳು ಹೊಗೆ ಉಗುಳುತ್ತಿದ್ದವು. ಪಕ್ಕದ ಮನೆಯ ಬಾಷಾ ಸಾಬರು ಮೋಟಾರು ರಿಪೇರಿಯವರು. ಅವರ ಕುಲುಮೆಗೂ ಸ್ಟೇಷನ್ನಿನ ಕಲ್ಲಿದ್ದಲೇ ಬರುತ್ತಿತ್ತು. ಅದನ್ನು ಒಡೆಯುತ್ತಿದ್ದವಳು ಅವರ ಮಗಳು ಅಮೀನಾ, ನನ್ನ ಗೆಳತಿ. ಆ ಬೇಸಿಗೆಯಲ್ಲಿ ಅವಳ ತಾಯಿ ಚಳಿಜ್ವರದಿಂದ ತೀರಿಕೊಂಡಿದ್ದರು. ಕುಂಟೆಬಿಲ್ಲೆ ಆಟಕ್ಕೆ ಕರೆದರೂ ಅಮೀನಾ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳೇ ಓಡಿಬಂದಳು. ಕೈಯಲ್ಲಿ ಕಲ್ಲಿದ್ದಲಿನೊಂದಿಗೆ ಬಂದಿದ್ದ ಬೂದು ಕಲ್ಲು. ಅದರ ಮೇಲೆ ನಾಲಗೆಯಾಕಾರದ ಎಲೆ, ನರನರವೂ ಅಚ್ಚೊತ್ತಿದ ಹಾಗೆ. ನಮ್ಮಜ್ಜಿ ಕಣ್ಣಿಗೊತ್ತಿಕೊಂಡರು.

"ದೇವ್ರ ಎಲೆ ಕಣಮ್ಮಿ. ಸಾಪಕ್ಕೆ ಕಲ್ಲಾಗೈತೆ."

ಕುಂಕುಮವಿಟ್ಟು ದೇವರ ಗೂಡಿನಲ್ಲಿ ಇಟ್ಟೇಬಿಟ್ಟರು. ಮಾರನೆಯ ದಿನ ಕಾಡಿಬೇಡಿ ಅದನ್ನು ಶಾಲೆಯ ಮೇಷ್ಟ್ರಿಗೆ ತೋರಿಸಿದೆವು. ಅವರು ನಮ್ಮನ್ನು ಶಿಂಷಾ ಹೊಳೆಯ ದಡಕ್ಕೆ ಕರೆದೊಯ್ದು, ನೆರೆ ಬಿಟ್ಟುಹೋದ ಮಣ್ಣಿನ ಪದರಗಳನ್ನು ತೋರಿಸಿದರು.

"ಕೆಳಗಿನದು ಹಳೇದು, ಮೇಲಿನದು ಹೊಸದು. ಭೂಮಿಯ ಕಲ್ಲೂ ಹೀಗೇ. ತೀರಾ ಹಳೇ ಪದರದಲ್ಲಿ ಹೂವಿನ ಗುರುತೇ ಇಲ್ಲ. ಮೇಲೆ ಬರ್ತಾ ಬರ್ತಾ ಗಿಡ, ಪ್ರಾಣಿ ಎಲ್ಲಾ ರೂಪ ಬದಲಾಯಿಸ್ತವೆ. ಈ ಎಲೆ ಮನುಷ್ಯ ಹುಟ್ಟೋಕೂ ಎಷ್ಟೋ ಮುಂಚಿಂದು."

"ಆ ಮರ ಈಗ ಎಲ್ಲೈತೆ ಮೇಷ್ಟ್ರೇ?" ಅಂದಳು ಅಮೀನಾ.

"ಎಲ್ಲೂ ಇಲ್ಲ ಕಣಮ್ಮ. ಆ ಜಾತೀನೇ ಅಳಿದುಹೋಯ್ತು."

"ಒಂದೂ ಉಳೀಲಿಲ್ವಾ?"

"ಮರ ಉಳೀಲಿಲ್ಲ. ಗುರುತು ಉಳೀತು."

ಅಮೀನಾ ಕಲ್ಲನ್ನು ಎದೆಗವಚಿಕೊಂಡೇ ಮನೆಯತ್ತ ನಡೆದಳು. ನಮ್ಮ ಬಾಗಿಲಲ್ಲಿ ನಿಂತು ಅಜ್ಜಿಗೆ ಹೇಳಿದಳು: "ನಮ್ಮಮ್ಮಂದು ಒಂದು ಫೋಟೋನೂ ಇಲ್ಲ ಕಣಜ್ಜಿ. ಈ ಕಲ್ಲ ಗೋರಿ ತಾವ ಮಡಗ್ಲಾ?"

ಅಜ್ಜಿ ಗೂಡನ್ನೊಮ್ಮೆ ನೋಡಿದರು. ಸೆರಗಿನಿಂದ ಕಲ್ಲಿನ ಕುಂಕುಮ ಒರೆಸಿ ಕೊಟ್ಟರು. "ತಕ್ಕಂಡೋಗವ್ವ. ನಿಮ್ಮವ್ವಂಗೇ ಇರ್ಲಿ ಬುಡು."

ಶುಕ್ರವಾರ ತಂದೆ ಮಗಳು ಗೋರಿಯ ತಲೆಯ ಬಳಿ ಅದನ್ನು ನೆಟ್ಟರು. ನಾನು ಬೇಲಿಯಾಚೆ ನಿಂತಿದ್ದೆ. ಮಣ್ಣು ಅದುಮಲು ಕುಳಿತ ಬಾಷಾ ಸಾಬರು ಬಹಳ ಹೊತ್ತು ಏಳಲೇ ಇಲ್ಲ. ಕೊನೆಗೆ ಅಮೀನಾಳೇ ಕೈಹಿಡಿದು ಎಬ್ಬಿಸಿದಳು. ಮರುವರ್ಷ ಅವರು ಕೆಲಸ ಹುಡುಕಿಕೊಂಡು ಊರು ಬಿಟ್ಟರು. ಮತ್ತೆ ಅವಳನ್ನು ನೋಡಲಿಲ್ಲ.

ಆಗ ಊರಾಚೆ ಎತ್ತು ಸತ್ತರೆ ರಣಹದ್ದುಗಳು ಆಕಾಶದಿಂದ ಸುತ್ತಿ ಸುತ್ತಿ ಇಳಿಯುತ್ತಿದ್ದವು. ಈಗ ನನ್ನ ಮೊಮ್ಮಗಳು ರಣಹದ್ದು ಎಂದರೇನು ಎಂದು ಕೇಳುತ್ತಾಳೆ. ತೋಳು ಚಾಚಿ ರೆಕ್ಕೆಯ ಅಗಲ ತೋರಿಸುತ್ತೇನೆ. ಒಂದು ಜಾತಿ ಅಳಿಯಲು ಯುಗಗಳೇ ಬೇಕೆಂದುಕೊಂಡಿದ್ದೆ. ನಮ್ಮೂರಿನ ಆಕಾಶಕ್ಕೆ ನನ್ನ ಒಂದು ಆಯಸ್ಸೇ ಸಾಕಾಯಿತು. ಕೊನೆಯ ರಣಹದ್ದನ್ನು ನೋಡಿದ ದಿನ, ಅದೇ ಕೊನೆಯದೆಂದು ನನಗೆ ತಿಳಿಯಲೂ ಇಲ್ಲ.