ಟೋಕನ್ ಮಿಷನ್ನಿಗೆ ಬಂದ ಪ್ಯಾಕಿಂಗ್ ಕೆಲಸ

"ಅವ್ವಾ, ಮಾರ್ತಾಂಡ ಕಾಕಾ ಬಾಗಲಾ ತಗಿಯೂಮುಂದ ಮೂರ್ ಸಲ ಯಾರು ಅಂತ ಯಾಕ ಕೇಳ್ತಾರ?" ಎಂದಳು ರೇಣು. ನಿನ್ನೆ ಇವಳು ಹೊರಗೆ ನಿಂತು "ಹುಲಿ" ಅಂದಿದ್ದಕ್ಕೆ, ಹುಲಿಗೆ ಪರವಾನಗಿ ಇಲ್ಲ ಎಂದು ಒಳಗಿನಿಂದಲೇ ಉತ್ತರ ಬಂದಿತ್ತಂತೆ. ಅವರ ನೌಕರಿಯೇ ಅದು ಪುಟ್ಟಿ, ಎಂದೆ. ಐದು ವರ್ಷದವಳಿಗೆ ಇನ್ನೇನು ಹೇಳಲಿ?

ಎದುರು ಮನೆಯ ಮಾರ್ತಾಂಡಣ್ಣ ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ಕೇಬಲ್ ಎಳೆದವರು. ನಲವತ್ತು ದಾಟಿದ ಮೇಲೆ ತಾವೇ ಕೂತು ಪ್ರೋಗ್ರಾಂ ಬರೆಯುವುದನ್ನು ಕಲಿತರು. ಅಲ್ಲಿನ ಕಂಪ್ಯೂಟರುಗಳು ಸ್ವಿಚ್ ಹಾಕಿದ ಕೂಡಲೇ ತಮಗೇನು ಕೆಲಸ ಎಂದು ಸರ್ವರ್ ಎಂಬ ಮುಖ್ಯ ಕಂಪ್ಯೂಟರನ್ನು ಕೇಳುತ್ತವೆ. ಸರ್ವರ್ ಅವುಗಳ ವಿಳಾಸ ನೋಡಿ, ಅದಕ್ಕೆ ತಕ್ಕ ಪ್ರೋಗ್ರಾಂ ಕಳಿಸುತ್ತದೆ. ವಿಳಾಸವೆಂದರೆ ನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ. ಯಾವುದೂ ಇನ್ನೂರ ಐವತ್ತೈದು ದಾಟುವಂತಿಲ್ಲ. ಆ ವಿಳಾಸ ತುಂಬುವ ಕಂಪ್ಯೂಟರ್ ಫಾರ್ಮು ಮಾರ್ತಾಂಡಣ್ಣ ಬರೆದದ್ದು. ತಪ್ಪು ಬರೆದವರನ್ನು ಬಾಗಿಲಲ್ಲೇ ತಡೆಯಬೇಕು.

ತಡೆಯಲಿಲ್ಲ. ಆ ಕಾರ್ಖಾನೆಯ ಸ್ಟೋರಿನವರಿಗೆ ಎಲ್ಲವನ್ನೂ ಮೂರಂಕಿಯಲ್ಲಿ ಬರೆಯುವ ರೂಢಿ. ಹೆಲ್ಮೆಟ್ ಹತ್ತಿದ್ದರೂ 010, ಸ್ಪ್ಯಾನರ್ ಹತ್ತಿದ್ದರೂ 010. ಹೊಸ ಪ್ಯಾಕಿಂಗ್ ಮಿಷನ್ನಿನ ವಿಳಾಸದ ಕೊನೆಯ ಹತ್ತನ್ನೂ ಹಾಗೆಯೇ ಬರೆದರು. ಫಾರ್ಮು ಒಪ್ಪಿಕೊಂಡಿತು. ಆದರೆ ಆ ಸರ್ವರ್‌ಗೊಂದು ಹಳೆಯ ಚಟವಿದೆ: ಮುಂದೆ ಸೊನ್ನೆ ಕಂಡರೆ ಹತ್ತರ ಲೆಕ್ಕ ಬಿಟ್ಟು ಎಂಟರ ಲೆಕ್ಕ ಹಿಡಿಯುತ್ತದೆ. ಅದಕ್ಕೆ 010 ಅಂದರೆ ಎಂಟು. ಎಂಟೆಂದರೆ ಕ್ಯಾಂಟೀನಿನಲ್ಲಿ ಊಟದ ಟೋಕನ್ ಕೊಡುವ ಮಿಷನ್ನಿನ ವಿಳಾಸ. ಪ್ಯಾಕಿಂಗಿನ ಪ್ರೋಗ್ರಾಂ ಅಲ್ಲಿಗೆ ಹೋಯಿತು.

ಮರುದಿನ ಊಟದ ಹೊತ್ತಿಗೆ ಟೋಕನ್ ಬದಲು ಡಬ್ಬಿಗೆ ಹಚ್ಚುವ ಚೀಟಿಗಳು ಬಂದವು. "ನಾಜೂಕು ಮಾಲು, ಈ ಬದಿ ಮೇಲಿರಲಿ." ಕಾಶಪ್ಪ ಎಂಬ ಫಿಟರ್ ಅದನ್ನು ಹೊಟ್ಟೆಯ ಮೇಲೆ ಅಂಟಿಸಿಕೊಂಡು ಸಾಲಿನಲ್ಲಿ ನಿಂತ. ಹಿಂದಿನವರೆಲ್ಲ ಅವನನ್ನೇ ಅನುಸರಿಸಿದರು. ಅದೇ ವೇಳೆಗೆ ಮ್ಯಾನೇಜರ್ ಊಟಕ್ಕೆ ಬಂದರು. ಅವರ ಕೈಗೆ ಸಿಕ್ಕ ಚೀಟಿಯಲ್ಲಿ "ಒಂದರ ಮೇಲೊಂದು ಪೇರಿಸಬೇಡಿ" ಎಂದಿತ್ತು.

ಮ್ಯಾನೇಜರ್ ನಗಲಿಲ್ಲ. ಸೋಮವಾರ ತಾವೇ ಕೂತು ಫಾರ್ಮು ಪರೀಕ್ಷಿಸುತ್ತಾರಂತೆ. ಒಂದೇ ಒಂದು ತಪ್ಪು ವಿಳಾಸ ಒಳಗೆ ಹೋದರೂ ಮಾರ್ತಾಂಡಣ್ಣ ಮತ್ತೆ ಕೇಬಲ್ ಎಳೆಯಲು ಏಣಿ ಹತ್ತಬೇಕು.

ಆ ಸಂಜೆ ಅವರನ್ನು ಚಹಾಕ್ಕೆ ಕರೆದು, ಏಣಿಯ ಯಾವ ಬದಿ ಮೇಲಿರಬೇಕು ಎಂದು ಕೇಳಿ ಕಾಡಿಸಿದೆ. ಮನುಷ್ಯ ಬಿಸ್ಕತ್ತನ್ನು ಚಹಾದಲ್ಲಿ ಮುಳುಗಿಸಿ ಮರೆತೇಬಿಟ್ಟರು. ಪಾಪ ಅನ್ನಿಸಿತು. ಮುಂದೆ ಸೊನ್ನೆ ಬಂದರೆ ಬೇಡ ಅನ್ನುವಂತೆ ಮಾಡಿದ್ದಾರಂತೆ. ಇನ್ಯಾರು ಏನು ಬರೆದಾರು ಎಂಬುದೇ ಹೊಳೆಯುತ್ತಿಲ್ಲವಂತೆ. "ನನಗ ಸರಿ ಬರಿಯೂದಷ್ಟ ರೂಢಿ ಅದ," ಎಂದರು.

ನಾನು ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೂರುವವಳು. ಫಾರ್ಮಿನಲ್ಲಿ ಜನ ಏನೇನು ಬರೆಯುತ್ತಾರೆ ಎಂದು ಹೇಳಿದೆ. ವಯಸ್ಸಿನ ಜಾಗದಲ್ಲಿ ಫೋನ್ ನಂಬರು, ಚುಕ್ಕಿ ಇಡುವಲ್ಲಿ ಅಲ್ಪವಿರಾಮ, ಹೆಸರಿನ ಹಿಂದೆ ನಾಲ್ಕು ಖಾಲಿ ಜಾಗ. ಒಬ್ಬಾಕೆ ತೂಕದ ಎದುರು "ಗಂಡನಷ್ಟೇ" ಎಂದು ಬರೆದಿದ್ದಳು.

ಮಾರ್ತಾಂಡಣ್ಣ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದರು.

"ತಂಗಿ, ಐತವಾರ ಒಂದ್ ತಾಸು ಬಂದು ನನ್ನ ಫಾರ್ಮ್ ತುಂಬಿಕೊಡ್ರಿ. ಒಂದೂ ಸರಿ ಬರೀಬ್ಯಾಡ್ರಿ."