ಅಪ್ಪ ಹೇಳುತ್ತಿದ್ದ ಸುಖ

ಆದಾಯಕ್ಕೂ ಆರೋಗ್ಯಕ್ಕೂ ಇರುವ ಸಂಬಂಧ ನನ್ನ ಸಂಶೋಧನೆಯ ವಿಷಯ. ಫೋರ್ಟ್ ಕೊಚ್ಚಿಯ ಮನೆಗಳಲ್ಲಿ ನಾನು ಮೊದಲು ಕೇಳುತ್ತಿದ್ದುದು, "ಸುಖಮಾಣೋ?" ಮಲಯಾಳದಲ್ಲಿ ಅದು ಮೈಯ ಸಮಾಚಾರ, ಸುಖವಿಲ್ಲ ಎಂದರೆ ಕಾಯಿಲೆ ಎಂದೇ ಅರ್ಥ. ಮೀನು ಮಾರುವ ಮುದುಕಿಯೊಬ್ಬಳು ಊದಿದ ಮೊಣಕಾಲನ್ನು ನೀವಿಕೊಳ್ಳುತ್ತಲೇ "ಸುಖಂ, ಮೋಳೇ" ಎಂದಳು, ಮಗಳೇ ಎಂದು ಕರೆಯುತ್ತ.

"ಹೌದ್ಹೌದು, ಅಮ್ಮಚ್ಚಿ ಡ್ಯಾನ್ಸ್ ಕ್ಲಾಸಿಗೆ ಸೇರಿದಾಳೆ," ಎಂದು ಒಳಗಿನಿಂದ ಸೊಸೆ ಕೂಗಿದಳು.

ಡಾಕ್ಟರ ಹತ್ತಿರ ಹೋಗಲಾಗದವರು ಕಾಯಿಲೆಯನ್ನು ಕಾಯಿಲೆ ಎನ್ನುವುದಿಲ್ಲ ಎಂದು ನಾನು ವಿವರಣೆ ಬರೆದೆ.

ಅಪ್ಪನಿಗೆ ಆ ವಿವರಣೆ ಹೊಂದುವುದಿಲ್ಲ. ಅವರು ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ ಬಂದ ವಿಜ್ಞಾನಿ. ಒಳ್ಳೆಯ ಪಿಂಚಣಿ, ಪುಕ್ಕಟೆ ಔಷಧಿ, ಮನೆಯ ಹತ್ತಿರವೇ ಆಸ್ಪತ್ರೆ. ಭಾನುವಾರ ಕೊಚ್ಚಿಯಿಂದ ಫೋನ್ ಮಾಡಿ, "ಅಪ್ಪಾ, ಸುಖಮಾಣೋ?" ಎನ್ನುತ್ತಿದ್ದೆ. ಕನ್ನಡ ಓದಿ ಬರೆಯಲು ಅವರೇ ಕಲಿಸಿದ್ದರೂ ನನ್ನ ಬಾಯಿಗೆ ಮೊದಲು ಬರುತ್ತಿದ್ದುದು ಮಲಯಾಳ. ಅವರು ಮಾತ್ರ ಕನ್ನಡದಲ್ಲೇ ಉತ್ತರಿಸುತ್ತಿದ್ದರು: "ಸುಖವಾಗಿದೀನಮ್ಮ."

ಕಳೆದ ವರ್ಷ ಅಪ್ಪ ಹೋಗಿಬಿಟ್ಟರು. ಕರುಳಿನ ಕ್ಯಾನ್ಸರ್. ನೋವು ತಿಂಗಳುಗಟ್ಟಲೆ ಇದ್ದಿರಲೇಬೇಕು ಎಂದರು ಡಾಕ್ಟರು.

ಅಂದಿನಿಂದ ಒಂದು ನಂಬಿಕೆ ಹಿಡಿದುಕೊಂಡಿದ್ದೆ. ನಾನು ಕೇಳಿದ್ದು ಮಲಯಾಳದ ಸುಖ; ಅವರು ಹೇಳಿದ್ದು ಕನ್ನಡದ್ದು, ಮನಸ್ಸಿನ ನೆಮ್ಮದಿಯದು. ಬೆಳಗಿನ ಫಿಲ್ಟರ್ ಕಾಫಿ ಇತ್ತು, ಓದುತ್ತಿರುವ ಮಗಳಿದ್ದಳು. ಸುಖವಾಗಿಯೇ ಇದ್ದರು, ನನಗೆ ಸುಳ್ಳು ಹೇಳಲಿಲ್ಲ. ಫೋನಿನಲ್ಲಿ ಅವರ ದನಿ ಹಗುರಾಗಿತ್ತೆಂಬ ನೆನಪೂ ಇದೆ. ಅದು ನಿಜವಾದ ನೆನಪೋ, ಬೇಕಾಗಿ ಈಚೆಗೆ ನಾನೇ ಮಾಡಿಕೊಂಡದ್ದೋ, ಹೇಳಲಾರೆ.

ತಿರುವನಂತಪುರದ ಮನೆಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಿದೆ. ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರಿಗೆ ಮಲಯಾಳ ಬರ್ತಿರ್ಲಿಲ್ವೇನೇ? ಆಟೋದವರ ಹತ್ರ ಜಗಳ ಆಡ್ತಿದ್ದಿದ್ದೇ ಅದರಲ್ಲಿ."

"ಹಾಗಾದ್ರೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಾದ್ರೆ ಓದು ಬಿಟ್ಟು ಓಡಿ ಬರ್ತೀಯ ಅಂತ..." ಮತ್ತೆ ತುರಿಯತೊಡಗಿದಳು.

ಈಗ ಕೊಚ್ಚಿಯ ಪಾಲಾರಿವಟ್ಟಂನಲ್ಲಿರುವ ನನ್ನ ಕೋಣೆಯಿಂದ ಫೋನ್ ಮಾಡಿದಾಗ ಕನ್ನಡದಲ್ಲೇ, ಬಿಡಿಸಿ ಕೇಳುತ್ತೇನೆ: "ಅಮ್ಮಾ, ಮೈ ಹುಷಾರಾಗಿದ್ಯಾ? ಎಲ್ಲಾದ್ರೂ ನೋವಿದ್ಯಾ?"

ನನ್ನೊಡನೆ ಎಂದೂ ಮಲಯಾಳ ಆಡದ ಅಮ್ಮ ಹೇಳುತ್ತಾಳೆ:

"ಸುಖಂ, ಮೋಳೇ."