ಕೇಟಿಯ ಮೆಟ್ಟಿಲ ಮೇಲೆ ಗೋಯಿಂದ್ವಾಲ್

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಎಂಬ ಮೂರು ಮಹಾನಗರಗಳಿಗೆ ವಾರಕ್ಕೆ ಎರಡು ಪ್ರದಕ್ಷಿಣೆ ಹಾಕುವ ವೀರರೆಂದರೆ ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಗುರ್ಮೇಜ್ ಸಿಂಗರು. ಅವರ ರಥಕ್ಕೆ ಹದಿನೆಂಟು ಗಾಲಿ. ಪ್ರಾಸ್ಪರಿನ ಕನ್ನಡಿಗರ ತೊಗರಿಬೇಳೆ, ಫ್ಲೂಗರ್‌ವಿಲ್ಲಿನವರ ಬಾಳೆಎಲೆ, ಕೇಟಿಯವರ ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಆ ರಥದ ಹೊಟ್ಟೆಯಲ್ಲೇ ಬರುತ್ತವೆ. ಅವರು ಒಂದು ವಾರ ಮಲಗಿದರೆ ಟೆಕ್ಸಸ್ಸಿನ ಅರ್ಧದಷ್ಟು ಸಾರು ಕುದಿಯುವುದಿಲ್ಲ.

ವಯಸ್ಸು ಐವತ್ತೊಂಬತ್ತು. ಹೆಂಡತಿ ತೀರಿಕೊಂಡು ಆರು ವರ್ಷ, ಮಗಳು ಕೆನಡಾದಲ್ಲಿ. ಒಂಟಿ ಮನೆ, ಒಂದೇ ಅಂತಸ್ತು. "ಎಲ್ಲಿಯವರು ನೀವು?" ಎಂದು ಯಾರಾದರೂ ಕೇಳುವ ತಪ್ಪು ಮಾಡಿದರೆ ಸಾಕು, ಜಿಲ್ಲಾ ದರ್ಶನ ಶುರು. ಪಂಜಾಬಿನ ತರನ್ ತಾರನ್ ಜಿಲ್ಲೆ. ಅಲ್ಲಿನ ಸರೋವರದಷ್ಟು ದೊಡ್ಡದು ಸಿಖ್ಖರ ಬೇರೆ ಯಾವ ಗುರುದ್ವಾರಕ್ಕೂ ಇಲ್ಲ. ಖಡೂರಿನಲ್ಲಿ ಎರಡನೆಯ ಗುರುಗಳು ಮಕ್ಕಳಿಗೆ ಅಕ್ಷರ ತಿದ್ದಿಸಿದರು. ಹರೀಕೆಯಲ್ಲಿ ಬಿಯಾಸ್ ಬಂದು ಸಟ್ಲೆಜ್ ಸೇರುತ್ತದೆ. ಗೋಯಿಂದ್ವಾಲಿನಲ್ಲಿ ಮೂರನೆಯ ಗುರುಗಳು ಕಟ್ಟಿಸಿದ ಮೆಟ್ಟಿಲುಬಾವಿಯಿದೆ. ಕೇಳುವವರು ಕಾರಿನ ಬಾಗಿಲು ಹಾಕಿಕೊಂಡರೂ ಸಿಂಗರು ಕಿಟಕಿಯಲ್ಲಿ ಮುಂದುವರಿಸುತ್ತಾರೆ. ಕನ್ನಡಿಗರಾದರೆ ಕೊನೆಗೊಂದು ಪ್ರಶ್ನೆ ಬೇರೆ.

"ಬೀದರ್ ನೋಡಿದೀರಾ? ಹತ್ತನೆಯ ಗುರುಗಳು ಖಾಲ್ಸಾ ಕಟ್ಟುವಾಗ ಆರಿಸಿದ ಐವರಲ್ಲಿ ಒಬ್ಬರು ನಿಮ್ಮ ಬೀದರಿನವರು. ದೇಶ ಬಿಡುವ ಮುಂಚೆ ನಾನು ಎರಡು ಸಲ ಹೋಗಿ ಬಂದಿದ್ದೇನೆ."

ಪಕ್ಕದ ಮನೆಯ ಚಿದಾನಂದ್ ಮೈಸೂರಿನ ಎಂಜಿನಿಯರು. ನಯಾಗರಾವನ್ನು ಮೂರು ಸಲ ನೋಡಿದವರು. ಬೀದರ್ ನೋಡಿಲ್ಲ. ಈ ಪ್ರಶ್ನೆಗೆ ಹೆದರಿ ಅವರು ಕಸದ ಡಬ್ಬಿಯನ್ನು ಸಿಂಗರು ಊರಲ್ಲಿಲ್ಲದ ದಿನ ಹೊರಗಿಡುತ್ತಿದ್ದರು.

ಕಳೆದ ಏಪ್ರಿಲ್‌ನಲ್ಲಿ ಸಿಂಗರೇ ಬಂದು ಚಿದಾನಂದರ ಬಾಗಿಲು ತಟ್ಟಿದರು. ಬೀದರಿನ ಮಾತೆತ್ತಲಿಲ್ಲ. ವಿಷಯ ಗಂಭೀರವಾಗಿತ್ತು.

ಊರಲ್ಲಿ ಅವರ ತಾಯಿ ಬಸಂತ್ ಕೌರ್, ಎಂಬತ್ತೇಳು ವರ್ಷ. ಎಲ್ಲರಿಗೂ ಬೇಬೇ. ಗೋಯಿಂದ್ವಾಲಿನ ಬಾವಿಗೆ ಎಂಬತ್ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಕೆಳಗಿಳಿದು ಮಿಂದು ಬಂದು, ಅಲ್ಲಿ ಕೂತು ಸಿಖ್ಖರ ಬೆಳಗಿನ ಪ್ರಾರ್ಥನೆಯಾದ ಜಪ್‌ಜೀ ಪಾಠವನ್ನು ಪೂರ್ತಿ ಹೇಳಬೇಕು. ಎಂಬತ್ನಾಲ್ಕು ಸ್ನಾನ, ಎಂಬತ್ನಾಲ್ಕು ಪಾಠ. ಮಗ ದೂರದೇಶದಲ್ಲಿ ಟ್ರಕ್ ಹತ್ತಿದ ವರ್ಷದಿಂದ ಬೇಬೇ ಅವನ ಹೆಸರಿನಲ್ಲಿ ಇದನ್ನು ವರ್ಷವೂ ತಪ್ಪದೆ ಮಾಡಿದ್ದರು. ಇಪ್ಪತ್ತಾರು ವರ್ಷ. ಈ ಸಲ ಮಂಡಿ ಕೈಕೊಟ್ಟಿತು. ಮನೆಯವರೇ ಯಾರಾದರೂ ಮಾಡದಿದ್ದರೆ ಸರಪಳಿ ಕಡಿದುಹೋಗುತ್ತದೆ ಎಂದು ಬೇಬೇ ಊಟ ಕಡಿಮೆ ಮಾಡಿದ್ದರು. ಬೇಬೇಯ ಲೆಕ್ಕದಲ್ಲಿ ಮದುವೆಯಾಗಿ ಹೋದ ಮೊಮ್ಮಗಳು ಬೇರೆ ಮನೆಯವಳು, ಮನೆಯವರೆಂದರೆ ಗುರ್ಮೇಜ್ ಒಬ್ಬರೇ. ಅವರ ಕಾಗದಪತ್ರ ಇನ್ನೂ ಯಾವುದೋ ಕಚೇರಿಯ ಮೇಜಿನ ಮೇಲಿದೆ. ಈಗ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವ ಭರವಸೆಯಿಲ್ಲ.

"ಅದಕ್ಕೆ ನಾನೇನು ಮಾಡಲಿ ಸಿಂಗ್‌ಜೀ?" ಎಂದರು ಚಿದಾನಂದ್.

"ನಿಮ್ಮ ಮೆಟ್ಟಿಲು ಬೇಕು."

ಟೆಕ್ಸಸ್ಸಿನ ಈ ಭಾಗ ಚಪಾತಿ ಲಟ್ಟಿಸಿದ ಹಾಗೆ ಚಪ್ಪಟೆ. ಸಿಂಗರು ಹಿಂದೊಮ್ಮೆ ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ಬಂದಾಗ ಚಿದಾನಂದರ ಮಹಡಿ ಮೆಟ್ಟಿಲನ್ನು ಸುಮ್ಮನೆ ಎಣಿಸಿಟ್ಟುಕೊಂಡಿದ್ದರು. ಹದಿನಾಲ್ಕು. ದಿನಕ್ಕೊಮ್ಮೆ ಹತ್ತಿದರೆ ಆರು ದಿನಕ್ಕೆ ಎಂಬತ್ನಾಲ್ಕು. ಬೇಬೇಗೆ ಫೋನಿನಲ್ಲಿ ಕೇಳಿದ್ದೂ ಆಗಿತ್ತು. ಬೇಬೇ, "ಮಾಡು. ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಮುಗಿದ ಮೇಲೆ ಹೇಳುತ್ತೇನೆ" ಎಂದಿದ್ದರಂತೆ.

ಚಿದಾನಂದರ ತಾಯಿ ಸುಶೀಲಮ್ಮ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಹಿಂದಿ ಬಾರದು. ಮಗ ತಿಳಿಸಿ ಹೇಳಿದ.

"ಎಂಬತ್ನಾಲ್ಕೇ? ಎಂಬತ್ನಾಲ್ಕು ಲಕ್ಷ ಜನ್ಮ ಕಳೆಯೋಕೆ ತಾನೇ?" ಎಂದರು ಸುಶೀಲಮ್ಮ. "ಇದರಲ್ಲಿ ಯೋಚನೆ ಮಾಡೋಕೇನಿದೆ? ಬರಲಿ ಬಿಡೋ. ಮೆಟ್ಟಿಲೇನು ಸವೆದುಹೋಗುತ್ತಾ?"

ಮೆಟ್ಟಿಲು ಸವೆಯಲಿಲ್ಲ. ಆದದ್ದು ಬೇರೆ.

ಸೋಮವಾರ ಬೆಳಗಿನ ಐದಕ್ಕೆ ಸಿಂಗರು ಬಂದರು. ಸ್ನಾನ ಮಾಡಿಯೇ ಬಂದಿದ್ದರು. ಎಂಬತ್ನಾಲ್ಕು ಸಲ ನೆರೆಮನೆಯ ಬಚ್ಚಲಿಗಿಳಿಯುವುದು ಸಭ್ಯತೆಯಲ್ಲವೆಂದು ಕೈ, ಕಾಲು, ಮುಖ ತೊಳೆಯುವ ಸಣ್ಣ ಸ್ನಾನಕ್ಕೆ ಒಪ್ಪಿಕೊಂಡಿದ್ದರು. ಸುಶೀಲಮ್ಮ ಕೆಳಗೆ ತಾಮ್ರದ ಚೊಂಬು, ಬೋಗುಣಿ ಇಟ್ಟರು. ಪ್ರತಿ ಪಾಠಕ್ಕೂ ಸಿಂಗರು ಕೆಳಗಿಳಿದು, ಕೈಕಾಲು ತೊಳೆದು, ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇರಿ ಕೂರುತ್ತಿದ್ದರು. ಹತ್ತಕ್ಕೆ ಮುಂಚೆ ಹದಿನಾಲ್ಕು ಮುಗಿಯಿತು. ಮೊದಲ ದಿನದ ಯುದ್ಧದಲ್ಲಿ ಯಾರಿಗೂ ಗಾಯವಿಲ್ಲ.

ಅಂದು ಇಡೀ ದಿನ ಸುಶೀಲಮ್ಮನಿಗೆ ಸಮಾಧಾನವಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತಿದವರು. ಮೆಟ್ಟಿಲು ಸೇವೆ ನಡೆಯುತ್ತಿದೆ, ಮೆಟ್ಟಿಲು ಬೋಳಾಗಿದೆ! ಪಾಪ, ಹೆಂಗಸರಿಲ್ಲದ ಮನೆಯವನು, ಅವನಿಗೇನು ಗೊತ್ತು? ಮಂಗಳವಾರ ಬೆಳಗ್ಗೆ ನಾಲ್ಕೂವರೆಗೇ ಎದ್ದು, ಹದಿನಾಲ್ಕು ಮೆಟ್ಟಿಲಿಗೂ ಅರಿಶಿನ ಕಲಸಿ ಬಳಿದು, ಮೇಲೆ ಕುಂಕುಮವಿಟ್ಟರು.

ಆ ಮೆಟ್ಟಿಲುಗಳಿಗೆ ಕಾರ್ಪೆಟ್ ಹಾಸಿತ್ತು. ಸೊಸೆ ವಿಜಯಾ ನಾಲ್ಕು ಅಂಗಡಿ ಸುತ್ತಿ ಆರಿಸಿದ ಕೆನೆಬಣ್ಣದ ಕಾರ್ಪೆಟ್.

ಸಿಂಗರು ಬಂದು ನೋಡಿ ಒದ್ದೆಗಾಲಿನಲ್ಲೇ ನಿಂತರು. ಅರಿಶಿನ ಅವರ ಪದ್ಧತಿಯಲ್ಲ. ತುಳಿದರೆ ಈ ತಾಯಿಯ ಪೂಜೆ ತುಳಿದಂತೆ, ತುಳಿಯದಿದ್ದರೆ ಬೇಬೇಯ ಸರಪಳಿ ಕಡಿದಂತೆ. ಸುಶೀಲಮ್ಮ ಮೇಲಿನಿಂದ ಎರಡೂ ಕೈ ಆಡಿಸಿ, "ಬನ್ನಿ ಬನ್ನಿ, ನಿಮಗೇ ಹಚ್ಚಿರೋದು" ಎಂದರು. ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಸಿಂಗರು ಕಾಲಿಟ್ಟರು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನಿಂದ ಮಹಡಿಯವರೆಗೂ ಹಳದಿ ಹೆಜ್ಜೆಗಳು. ವರಮಹಾಲಕ್ಷ್ಮಿಯ ಪಾದವೇ ಸರಿ, ಅಳತೆ ಮಾತ್ರ ಹನ್ನೆರಡು.

ಸಂಜೆ ವಿಜಯಾ ಆಫೀಸಿನಿಂದ ಬಂದು ಬ್ಯಾಗ್ ಕೆಳಗೆ ಹಾಕಿದರು.

"ಅತ್ತೆ! ಇದು ಕಾರ್ಪೆಟ್ಟು!"

"ಗೊತ್ತಮ್ಮ. ಕುಡಿಯುತ್ತೆ ಅಂತಲೇ ಸ್ವಲ್ಪ ಜಾಸ್ತಿ ಹಚ್ಚಿದೆ."

"ಗ್ರ್ಯಾಂಡ್ಮಾ, ದಿಸ್ ಈಸ್ ಲೆಜೆಂಡರಿ," ಎಂದಳು ಮೊಮ್ಮಗಳು ಇಂಚರಾ, ಫೋಟೊ ತೆಗೆಯುತ್ತ.

ವಿಜಯಾ ಕಾರ್ಪೆಟ್ ತೊಳೆಯುವವರಿಗೆ ಫೋನ್ ಮಾಡಿದರು. ಬುಧವಾರವೇ ಬರುತ್ತಾರಂತೆ, ಆದರೆ ಒಣಗಲು ಎರಡು ದಿನ ಯಾರೂ ಕಾಲಿಡಬಾರದಂತೆ. ಸುದ್ದಿ ತಿಳಿದು ಸಿಂಗರು ಬಂದು, ಪೇಟವನ್ನು ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತರು. "ತಪ್ಪು ನನ್ನದು ವಿಜಯಾಜೀ. ಇಲ್ಲಿಗೇ ನಿಲ್ಲಿಸುತ್ತೇನೆ. ಬೇಬೇಗೆ ನಾನೇ ಹೇಳಿಕೊಳ್ಳುತ್ತೇನೆ." ಆಳೆತ್ತರದ ಟ್ರಕ್ ಗಾಲಿ ಬದಲಾಯಿಸುವ ಮನುಷ್ಯ, ದನಿ ಮಾತ್ರ ಮೂರನೇ ಕ್ಲಾಸಿನ ಹುಡುಗನದು.

ವಿಜಯಾ ಸಿಂಗರ ಮುಖ ನೋಡಿದರು, ಕಾರ್ಪೆಟ್ ನೋಡಿದರು, ಬೆರಳು ಮಡಿಚಿ ಉಳಿದ ದಿನ ಎಣಿಸಿದರು. "ಶನಿವಾರದವರೆಗೆ ತಾನೇ? ಹಾಳಾಗಿದ್ದು ಆಯ್ತು. ಪೂರ್ತಿ ಮಾಡಿಬಿಡಿ." ಫೋನೆತ್ತಿ ಬುಕಿಂಗ್ ಕ್ಯಾನ್ಸಲ್ ಮಾಡಿದರು. ಬುಧವಾರದಿಂದ ಸುಶೀಲಮ್ಮ ಯಾರ ಅಪ್ಪಣೆಗೂ ಕಾಯದೆ ದಿನವೂ ಹೊಸ ಅರಿಶಿನ ಬಳಿದರು.

ಶನಿವಾರ ಹತ್ತಕ್ಕೆ ಇನ್ನೂ ಕಾಲು ಗಂಟೆಯಿರುವಾಗ ಎಂಬತ್ನಾಲ್ಕನೆಯ ಪಾಠ ಮುಗಿಯಿತು. ಮಹಡಿಯ ತುದಿಯಲ್ಲಿ ಕೂತಿದ್ದ ಸಿಂಗರಿಗೆ ಏಳಲಾಗಲಿಲ್ಲ. ಚಿದಾನಂದ್ ಹತ್ತಿಹೋಗಿ ಕೈಹಿಡಿದು ಇಳಿಸಿದರು. ಊರಲ್ಲಿ ಆಗ ರಾತ್ರಿ ಊಟದ ಹೊತ್ತು. ವಿಡಿಯೊದಲ್ಲಿ ಬೇಬೇ ಬಂದರು. ಬಿಳಿ ದುಪಟ್ಟಾ, ಒಂದೇ ಹಲ್ಲು. ಹಳದಿ ಹೆಜ್ಜೆಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಂದೇ ಪ್ರಶ್ನೆ ಕೇಳಿದರು.

"ಪಂಗತ್ ಆಯಿತೋ?"

ಸಿಂಗರು ನಾಲಿಗೆ ಕಚ್ಚಿಕೊಂಡರು. ಗೋಯಿಂದ್ವಾಲಿನ ನಿಯಮವೇ ಅದು: ಮೊದಲು ಎಲ್ಲರೊಡನೆ ಸಾಲಾಗಿ ನೆಲದ ಮೇಲೆ ಕೂತು ಉಣ್ಣಬೇಕು, ಉಳಿದದ್ದೆಲ್ಲ ಆಮೇಲೆ. ದಿಲ್ಲಿಯ ಬಾದಶಹ ಬಂದಾಗಲೂ ಗುರುಗಳು ಮೊದಲು ಸಾಲಿನಲ್ಲಿ ಕೂರಿಸಿಯೇ ಮಾತಾಡಿಸಿದರೆಂದು ಅಲ್ಲಿನವರು ಹೇಳುತ್ತಾರೆ. ಇದನ್ನು ಇಡೀ ಕೇಟಿಗೆ ಕಿಟಕಿಯಲ್ಲಿ ಬಗ್ಗಿ ಬೋಧಿಸಿದ ಮನುಷ್ಯ ತಾನೇ ಮರೆತಿದ್ದರು.

ಚಿದಾನಂದ್ ವಿಷಯ ಹೇಳಿದ್ದೇ ಸುಶೀಲಮ್ಮ, "ಪಂಕ್ತಿ ತಾನೇ? ಎಂಟು ಜನಕ್ಕೆ ಸಾಲುವಷ್ಟು ಅನ್ನ, ಹುಳಿ ಇದೆ. ಕೂತ್ಕೊಳ್ಳಿ" ಎಂದರು. ನಡುಮನೆಯಲ್ಲಿ ಬಾಳೆಎಲೆ ಬಿತ್ತು. ಸಿಂಗರ ಟ್ರಕ್ಕಿನಲ್ಲೇ ಬಂದ ಎಲೆ. ಸಿಂಗರು, ಚಿದಾನಂದ್, ವಿಜಯಾ, ಇಂಚರಾ ಕೂತರು. ಸುಶೀಲಮ್ಮ ಸೆರಗು ಸಿಕ್ಕಿಸಿ ಬಡಿಸಲು ನಿಂತರು. ಚೊಂಬಿಗೆ ಒರಗಿಸಿದ ಫೋನಿನಿಂದ ಬೇಬೇ ಸಾಲನ್ನು ತಪಾಸಣೆ ಮಾಡಿದರು.

"ಆ ತಾಯಿ ಯಾಕೆ ನಿಂತಿದ್ದಾಳೆ?"

"ಅಮ್ಮ ಎಲ್ಲರ ಜೊತೆ ಕೂರೋದಿಲ್ಲ," ಎಂದು ಚಿದಾನಂದ್ ಹಿಂದಿಯಲ್ಲಿ ತಡವರಿಸಿದರು. "ಮಡಿ. ಎಲ್ಲರದೂ ಆದ ಮೇಲೆ ಒಬ್ಬರೇ ಅಡುಗೆಮನೆಯಲ್ಲಿ ಊಟ ಮಾಡ್ತಾರೆ. ಐವತ್ತು ವರ್ಷದಿಂದ."

"ಬಾದಶಹನೇ ಕೂತ. ಇವಳೇನು ಅವನಿಗಿಂತ ದೊಡ್ಡವಳೋ? ಅವಳು ಕೂರದಿದ್ದರೆ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ."

ಚಿದಾನಂದ್ ಮೆದುಮಾಡಿ ಅನುವಾದಿಸಲು ನೋಡಿದರು. ಆಗಲಿಲ್ಲ. ಸಿಂಗರು ತಲೆ ಬಗ್ಗಿಸಿ ಎಲೆಯನ್ನೇ ನೋಡುತ್ತಿದ್ದರು.

ಸುಶೀಲಮ್ಮ ಸೌಟು ಹಿಡಿದು ನಿಂತೇ ಇದ್ದರು. ಫೋನಿನಲ್ಲಿದ್ದ ಮುದುಕಿಯನ್ನು ನೋಡಿದರು. ಆಮೇಲೆ ಮೆಟ್ಟಿಲಿನತ್ತ ನೋಡಿದರು, ಅದರಲ್ಲೂ ಐದು ದಿನ ತಾವೇ ಬಗ್ಗಿ ಬಳಿದ ಅರಿಶಿನವನ್ನು.

"ಅಂದ್ರೆ ನನ್ನ ಅರಿಶಿನವೂ ದಂಡ ಅನ್ನು," ಎಂದರು.

"ಹೂಂ ಅಮ್ಮ."

"ಇಂಚರಾ, ಸೌಟು ಹಿಡಿ. ನೆಲಕ್ಕೆ ಚೆಲ್ಲಬೇಡ."

ಇಂಚರಾ ಎದ್ದು ತೆರವಾದ ಜಾಗ ಸಿಂಗರ ಪಕ್ಕದ್ದೇ. ಸುಶೀಲಮ್ಮ ಅಲ್ಲೇ ಕಾಲು ಮಡಿಚಿ ಕೂತರು. ಇಂಚರಾ ಅನ್ನ ಹಾಕಿ ಹುಳಿ ಬಡಿಸಿದಳು, ಸ್ವಲ್ಪ ಚೆಲ್ಲಿದಳು. ಬೇಬೇ ಬೆರಳೆತ್ತಿ ಒಬ್ಬೊಬ್ಬರನ್ನೂ ಎಣಿಸಿದರು. "ಹಿಡಿದೆ. ಇಪ್ಪತ್ತೇಳನೆಯ ವರ್ಷ," ಎಂದರು. ಪಕ್ಕದಲ್ಲಿದ್ದ ಯಾರಿಗೋ ತನಗೂ ರೊಟ್ಟಿ ತರಲು ಕೂಗಿದರು. ಸಿಂಗರು ಗಡ್ಡದೊಳಗೇ ಏನೋ ಹೇಳಿಕೊಂಡು ಕಣ್ಣೊರೆಸಿಕೊಂಡರು. ಖಾರ ಜಾಸ್ತಿ ಎಂದು ಸಬೂಬು ಹೇಳಿದರು.

ಸುಶೀಲಮ್ಮ ಮೊದಲ ತುತ್ತು ಬಾಯಿಗಿಟ್ಟು ಹುಬ್ಬೇರಿಸಿದರು.

"ಏನಮ್ಮ, ಉಪ್ಪು ಕಮ್ಮಿನಾ?" ಎಂದರು ಚಿದಾನಂದ್.

"ಇಲ್ಲ ಕಣೋ. ಇಷ್ಟು ವರ್ಷ ಮಾಡಿದೀನಿ, ನನ್ನ ಹುಳಿ ಇಷ್ಟು ಬಿಸಿ ಇರುತ್ತೆ ಅಂತ ಗೊತ್ತೇ ಇರಲಿಲ್ಲ."